ಕೋಚಿಂಗಿಲ್ಲದ ರಸಾಯನಶಾಸ್ತ್ರ: ತುಂಗಭದ್ರಾ ಎಡದಂಡೆಯ ವಿದ್ಯಾರ್ಥಿಗಳಿಗೊಂದು ಬಹಿರಂಗ ಪತ್ರ

ದಢೇಸುಗೂರು, ಸಿಂಧನೂರು, ಮಸ್ಕಿ, ಲಿಂಗಸುಗೂರು ಪ್ರಾಂತದ ಪದವಿಪೂರ್ವ ಕಾಲೇಜುಗಳಲ್ಲಿ ವಿಜ್ಞಾನವನ್ನು ಅಭ್ಯಾಸಮಾಡುತ್ತಿರುವ ಚಿರಂಜೀವಿ ವಿದ್ಯಾರ್ಥಿ ವಿದ್ಯಾರ್ಥಿನಿಯರಿಗೆ ಆಶೀರ್ವಾದಪೂರ್ವಕವಾಗಿ ಬರೆಯುವುದೇನೆಂದರೆ:

ಪ್ರತಿ ವರ್ಷವೂ ಎಸ್‌ಎಸ್‌ಎಲ್‌ಸಿ ಫಲಿತಾಂಶವು ಪ್ರಕಟವಾದ ಕೆಲವು ದಿವಸಗಳಲ್ಲಿಯೇ ನಮ್ಮ ಸೀಮೆಯ ಅನುಕೂಲಸ್ಥರ ಮಕ್ಕಳು ಹಾಸಿಗೆ ಪೆಟ್ಟಿಗೆಗಳನ್ನು ಕಟ್ಟಿಕೊಂಡು ಬಳ್ಳಾರಿಗೋ, ಬೆಂಗಳೂರಿಗೋ, ಮಂಗಳೂರಿನ ಕಡೆಗೋ, ಹೈದರಾಬಾದಿಗೋ ಹೊರಟುಹೋಗುವುದನ್ನೂ, ಊರಿನಲ್ಲಿಯೇ ಉಳಿದು ಸರಕಾರಿ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬರುವ ನೀವು ಸಿ.ಇ.ಟಿ., ನೀಟ್ ಎಂಬ ಹೆಸರುಗಳು ಕಿವಿಗೆ ಬಿದ್ದೊಡನೆ, ಅದರಲ್ಲಿಯೂ ರಸಾಯನಶಾಸ್ತ್ರದ ಮಾತು ಬಂದೊಡನೆ, “ನಮಗ ಕೋಚಿಂಗ್ ಇಲ್ರಿ, ಇದು ನಮ್ಮಿಂದ ಆಗಂಗಿಲ್ರಿ” ಎಂದು ಕೈಚೆಲ್ಲಿ ಕುಳಿತುಬಿಡುವುದನ್ನೂ ನೋಡುತ್ತ ಬಂದಿರುವ ನಾನು, ಈ ವಿಷಯದಲ್ಲಿ ನಿಮ್ಮೆಲ್ಲರೊಡನೆ ಒಟ್ಟಿಗೆ ನಾಲ್ಕು ಮಾತನ್ನಾಡುವುದು ಉಚಿತವೆಂದು ಭಾವಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ನಾನು ಹೇಳಬೇಕೆಂದಿರುವುದು ಇಷ್ಟೇ: ನೀವು ಯಾವ ತರಗತಿಯಲ್ಲಿ ಕುಳಿತಿದ್ದಿರಿ ಎಂಬುದನ್ನು ಆ ಪರೀಕ್ಷೆಯು ಕೇಳುವುದಿಲ್ಲ, ಪುಸ್ತಕವನ್ನು ಮುಚ್ಚಿಟ್ಟ ಮೇಲೆ ನಿಮ್ಮ ಕೈ ಬರಿಯ ಹಾಳೆಯ ಮೇಲೆ ಏನನ್ನು ಬರೆಯಬಲ್ಲುದು ಎಂಬುದನ್ನು ಮಾತ್ರ ಕೇಳುತ್ತದೆ.

ಮೊದಲು ಪರೀಕ್ಷೆಯ ಸ್ವರೂಪವನ್ನು ನಿರ್ಭಯವಾಗಿ ನೋಡೋಣ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು ನಡೆಸುವ ಸಿ.ಇ.ಟಿ.ಯ ರಸಾಯನಶಾಸ್ತ್ರ ಪತ್ರಿಕೆಯಲ್ಲಿ 60 ಪ್ರಶ್ನೆಗಳು, 60 ಅಂಕಗಳು, 80 ನಿಮಿಷಗಳ ಕಾಲಾವಕಾಶ. ತಪ್ಪು ಉತ್ತರಕ್ಕೆ ಅಂಕವನ್ನು ಕಳೆಯುವ ಪದ್ಧತಿ ಅಲ್ಲಿಲ್ಲ. ನೀಟ್‌ನ 180 ಪ್ರಶ್ನೆಗಳಲ್ಲಿ ರಸಾಯನಶಾಸ್ತ್ರಕ್ಕೆ ಸೇರಿದವು 45. ಸರಿಯುತ್ತರಕ್ಕೆ 4 ಅಂಕ ದೊರೆತರೆ ತಪ್ಪಿಗೆ 1 ಅಂಕ ಹೋಗುತ್ತದೆ. ಈ ಎರಡೂ ಪರೀಕ್ಷೆಗಳ ಬೇರು ನಿಮ್ಮ ಚೀಲದಲ್ಲಿಯೇ ಇರುವ ಎನ್‌ಸಿಇಆರ್‌ಟಿ ಪಠ್ಯದಲ್ಲಿದೆ: ಪ್ರಥಮ ವರ್ಷದಲ್ಲಿ 9 ಘಟಕಗಳು, ದ್ವಿತೀಯ ವರ್ಷದಲ್ಲಿ 10, ಒಟ್ಟು 19. ಇಂಜಿನಿಯರಿಂಗ್ ರ‍್ಯಾಂಕಿನ ಲೆಕ್ಕದಲ್ಲಿ ಸಿ.ಇ.ಟಿ. ಅಂಕಕ್ಕೆ ಅರ್ಧ ತೂಕವಾದರೆ ಉಳಿದರ್ಧ ದ್ವಿತೀಯ ಪಿಯುಸಿ ಅಂಕಗಳದ್ದು. ಆದುದರಿಂದ ಕಾಲೇಜಿನ ಪಾಠವನ್ನು ಅಲಕ್ಷ್ಯಮಾಡಿ ‘ಎಂಟ್ರೆನ್ಸಿಗೆ’ ಮಾತ್ರ ಓದುತ್ತೇನೆನ್ನುವವನು ಅರ್ಧ ರ‍್ಯಾಂಕನ್ನು ತಾನೇ ತ್ಯಜಿಸಿದಂತಾಗುತ್ತದೆ.

ಪಠ್ಯದ ಎಲ್ಲೆಯ ವಿಷಯದಲ್ಲಿ 2024ರ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಆ ವರ್ಷದ ಏಪ್ರಿಲ್ ತಿಂಗಳ ಸಿ.ಇ.ಟಿ.ಯಲ್ಲಿ ಪಠ್ಯಕ್ಕೆ ಹೊರತಾದ ಪ್ರಶ್ನೆಗಳು ಬಂದವೆಂದು ರಾಜ್ಯದಲ್ಲೆಲ್ಲ ಕೂಗೆದ್ದು, ತಜ್ಞರ ಪರಿಶೀಲನೆಯ ತರುವಾಯ ನಾಲ್ಕು ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಪಠ್ಯದಲ್ಲಿಲ್ಲದುದನ್ನು ಕೇಳುವುದು ಅನ್ಯಾಯವೆಂಬ ತತ್ತ್ವವು ಅಂದು ಸ್ಥಾಪಿತವಾಯಿತಾದ್ದರಿಂದ, ಸಂತೆಯಲ್ಲಿಯೋ ಹಳೆಯ ಪುಸ್ತಕದಂಗಡಿಯಲ್ಲಿಯೋ ಸಿಗುವ ದಪ್ಪ ದಪ್ಪ ಗೈಡುಗಳನ್ನು ಕೊಂಡು, ಈಗ ಪಠ್ಯದಿಂದಲೇ ತೆಗೆದುಹಾಕಿರುವ ಘನಸ್ಥಿತಿ, ಮೇಲ್ಮೈ ರಸಾಯನಶಾಸ್ತ್ರ, ಪಾಲಿಮರುಗಳು ಮುಂತಾದ ಅಧ್ಯಾಯಗಳಲ್ಲಿ ಕಾಲವನ್ನು ಹಾಳುಮಾಡುವ ಆವಶ್ಯಕತೆ ನಿಮಗಿಲ್ಲ. ನೀವು ಪರೀಕ್ಷೆ ಬರೆಯುವ ವರ್ಷದ ಅಧಿಕೃತ ಪಠ್ಯಕ್ರಮವನ್ನು ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿರಿ. ಅದರ ಆಚೆಗೆ ಕಾಲಿಡಬೇಡಿರಿ, ಅದರ ಒಳಗೆ ಒಂದು ಗೆರೆಯನ್ನೂ ಬಿಡಬೇಡಿರಿ.

ಹಾಗಾದರೆ ಕೋಚಿಂಗಿನವರು ಲಕ್ಷಾಂತರ ರೂಪಾಯಿಗಳನ್ನು ಪಡೆದು ಕೊಡುವುದಾದರೂ ಏನು? ಅದನ್ನು ಹಗುರಾಗಿ ಕಾಣುವುದು ನ್ಯಾಯವಲ್ಲ. ಅವರು ಕೊಡುವುದು ಮೂರು ವಸ್ತುಗಳನ್ನು: ತಪ್ಪದ ವೇಳಾಪಟ್ಟಿ, ಸಂದೇಹವನ್ನು ಕೇಳಲು ಒಬ್ಬ ಬಲ್ಲವನು, ಮತ್ತು ವಾರವಾರವೂ ಒಂದು ಪರೀಕ್ಷೆ. ರಸಾಯನಶಾಸ್ತ್ರವಂತೂ ಅವರಲ್ಲಿಯೂ ಅದೇ, ನಿಮ್ಮ ಪುಸ್ತಕದಲ್ಲಿಯೂ ಅದೇ. ಈ ಮೂರನ್ನೂ ಊರಿನಲ್ಲಿದ್ದುಕೊಂಡೇ ಕಟ್ಟಿಕೊಳ್ಳಬಹುದೆಂಬುದಕ್ಕೆ ನಿಮ್ಮ ಪಠ್ಯದಲ್ಲಿಯೇ ಹೆಸರುಳ್ಳ ಒಬ್ಬ ಮಹನೀಯನು ಸಾಕ್ಷಿಯಾಗಿದ್ದಾನೆ. ವಿದ್ಯುದ್ವಿಭಜನೆಯ ನಿಯಮಗಳ ಕರ್ತನಾದ ಮೈಕೇಲ್ ಫ್ಯಾರಡೆ ಲಂಡನ್ನಿನ ಒಬ್ಬ ಕಮ್ಮಾರನ ಮಗ. ಎಳೆಯ ವಯಸ್ಸಿನಲ್ಲಿಯೇ ಪುಸ್ತಕಗಳಿಗೆ ರಟ್ಟು ಕಟ್ಟುವವನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದವನು. ಕಟ್ಟಲು ಬಂದ ಪುಸ್ತಕಗಳನ್ನೇ ಓದಿದನು. ಜೇನ್ ಮಾರ್ಸೆಟ್ ಎಂಬಾಕೆ ಸಂಭಾಷಣೆಯ ರೂಪದಲ್ಲಿ ಬರೆದ ರಸಾಯನಶಾಸ್ತ್ರದ ಗ್ರಂಥವನ್ನು ಓದಿದಾಗ, ಅಲ್ಲಿ ಹೇಳಿದುದನ್ನು ತನ್ನ ಕೈಗೆಟುಕುವ ಸಣ್ಣ ಪ್ರಯೋಗಗಳಿಂದ ಪರೀಕ್ಷಿಸಿ ನೋಡಿದ ಮೇಲೆಯೇ ನಂಬಿದನು. 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಕೇಳಿದುದನ್ನೆಲ್ಲ ಅಚ್ಚುಕಟ್ಟಾಗಿ ಬರೆದು, ತಾನೇ ರಟ್ಟು ಕಟ್ಟಿ ಆತನಿಗೆ ಕಳುಹಿಸಿದನು. 1813ರಲ್ಲಿ ರಾಯಲ್ ಇನ್ಸ್ಟಿಟ್ಯೂಷನ್ನಿನಲ್ಲಿ ಡೇವಿಯ ಸಹಾಯಕನಾದನು. ಅವನ ಪ್ರತಿಭೆ ನಮಗೆಲ್ಲರಿಗೂ ಬರುವಂಥದಲ್ಲವೆಂಬುದು ನಿಜ. ಆದರೆ ಓದಿದುದನ್ನು ಬರೆದು, ಬರೆದುದನ್ನು ಪರೀಕ್ಷಿಸಿ, ಪರೀಕ್ಷಿಸಿದುದನ್ನು ಬಲ್ಲವರ ಮುಂದಿಡುವ ಅವನ ಕ್ರಮವನ್ನು ಅನುಸರಿಸಲು ಪ್ರತಿಭೆಯ ಅಗತ್ಯವಿಲ್ಲ.

ಇನ್ನು ಶಾಸ್ತ್ರದ ಒಳಗೆ ಪ್ರವೇಶಿಸೋಣ. ನಿಮ್ಮ 19 ಘಟಕಗಳನ್ನು ಕ್ರಮವಾಗಿ ಮೊದಲಿನಿಂದ ಕೊನೆಯವರೆಗೆ ಓದುವ ಬದಲು, ಮೋಲ್ ಪರಿಕಲ್ಪನೆ, ರಾಸಾಯನಿಕ ಬಂಧ, ಸಮತೋಲನ, ಉತ್ಕರ್ಷಣ-ಅಪಕರ್ಷಣ, ಸಾವಯವ ರಸಾಯನಶಾಸ್ತ್ರದ ಮೂಲತತ್ತ್ವಗಳು ಎಂಬ ಪ್ರಥಮ ವರ್ಷದ ಐದು ಘಟಕಗಳನ್ನು ಮೊದಲು ಭದ್ರಪಡಿಸಿಕೊಳ್ಳಿರಿ. ದ್ವಿತೀಯ ವರ್ಷದ ಪಾಠಗಳಲ್ಲಿ ಬಹುಪಾಲು ಇವುಗಳ ಮೇಲೆಯೇ ನಿಂತಿವೆ. ದ್ವಿತೀಯ ಪಿಯುಸಿಯಲ್ಲಿ ರಸಾಯನಶಾಸ್ತ್ರವು ಕಠಿನವಾಯಿತೆಂದು ಗೋಳಾಡುವವರನ್ನು ವಿಚಾರಿಸಿದರೆ, ಅವರ ಕಷ್ಟದ ಮೂಲವು ಅನೇಕ ವೇಳೆ ಪ್ರಥಮ ವರ್ಷದಲ್ಲಿ ಬಿಟ್ಟ ಹತ್ತು ಪುಟಗಳಲ್ಲಿ ಅಡಗಿರುತ್ತದೆ.

ಭೌತ ರಸಾಯನಶಾಸ್ತ್ರದ ಅಭ್ಯಾಸಕ್ಕೆ ಪ್ರಶ್ನೆಗಳ ಭಂಡಾರವನ್ನು ನೀವು ದೂರದಲ್ಲಿ ಹುಡುಕಬೇಕಾಗಿಲ್ಲ. ನೆಲ್ಲಿನ ನಾಟಿಯಾದ ಮೇಲೆ ನಿಮ್ಮ ಮನೆಯ ಪಡಸಾಲೆಗೆ ಬಂದು ಕೂರುವ ಯೂರಿಯಾ ಚೀಲವನ್ನು ಒಮ್ಮೆ ಎದುರಿಗಿಟ್ಟುಕೊಳ್ಳಿರಿ. ತೂಕ 45 ಕಿಲೋಗ್ರಾಂ, ಸಾರಜನಕ ಶೇಕಡಾ 46 ಎಂದು ಅದರ ಮೇಲೆ ಅಚ್ಚಾಗಿರುತ್ತದೆ. ಯೂರಿಯಾದ ಅಣುತೂಕ 60. ಅದರಲ್ಲಿ ಸಾರಜನಕದ ಎರಡು ಪರಮಾಣುಗಳ ಪಾಲು 28. ಭಾಗಿಸಿದರೆ ಶೇಕಡಾ 46.67 ಬರುತ್ತದೆ, ಚೀಲದ ಮೇಲಿನ ಅಂಕಿಯು ಎಲ್ಲಿಂದ ಬಂದಿತೆಂಬುದು ತಿಳಿಯುತ್ತದೆ. ಶುದ್ಧವೆಂದು ಭಾವಿಸಿದರೆ ಚೀಲದಲ್ಲಿರುವುದು 750 ಮೋಲ್ ಯೂರಿಯಾ. ಮಣ್ಣಿನಲ್ಲಿ ಯೂರಿಯೇಸ್ ಎಂಬ ಕಿಣ್ವದ ಸಹಾಯದಿಂದ ಅದು ನೀರಿನೊಡನೆ ವರ್ತಿಸಿದಾಗ 1500 ಮೋಲ್, ಅಂದರೆ 25.5 ಕಿಲೋಗ್ರಾಂ ಅಮೋನಿಯ ಹುಟ್ಟಬೇಕು. ಅದೇ ಯೂರಿಯಾದ 60 ಗ್ರಾಮನ್ನು ಒಂದು ಕಿಲೋಗ್ರಾಂ ನೀರಿನಲ್ಲಿ ಕರಗಿಸಿದರೆ ನೀರಿನ ಘನೀಭವನ ಬಿಂದುವು 1.86 ಕೆಲ್ವಿನ್‌ನಷ್ಟು ಇಳಿಯುತ್ತದೆ. ಅಷ್ಟೇ ಮೋಲ್ ಪೊಟ್ಯಾಷ್ ಗೊಬ್ಬರವನ್ನು, ಎಂದರೆ ಪೊಟ್ಯಾಸಿಯಂ ಕ್ಲೋರೈಡನ್ನು, ಕರಗಿಸಿದರೆ ಅದು ಎರಡು ಅಯಾನುಗಳಾಗಿ ಒಡೆಯುವುದರಿಂದ ಇಳಿತವು ಸುಮಾರಾಗಿ ಇಮ್ಮಡಿಯಾಗುತ್ತದೆ. ಆ ಯೂರಿಯಾ ತಯಾರಾಗಲು ಬೇಕಾದ ಅಮೋನಿಯವು ಹೇಬರ್ ವಿಧಾನದಿಂದ ಬರುತ್ತದೆ; ಅಲ್ಲಿ ಒತ್ತಡವನ್ನು ಹೆಚ್ಚಿಸಿದರೆ ಉತ್ಪನ್ನವೇಕೆ ಹೆಚ್ಚುತ್ತದೆ, ಕಬ್ಬಿಣದ ವೇಗವರ್ಧಕವು ಸಮತೋಲನವನ್ನು ಬೇಗನೆ ತರುವುದಾದರೂ ಅದನ್ನು ಏಕೆ ಕದಲಿಸಲಾರದು ಎಂಬುದು ಸಮತೋಲನದ ಪಾಠ. 1828ರಲ್ಲಿ ವೋಲರ್ ಎಂಬವನು ಅಮೋನಿಯಂ ಸಯನೇಟಿನಿಂದ ಇದೇ ಯೂರಿಯಾವನ್ನು ಪಡೆದು, ಸಾವಯವ ವಸ್ತುಗಳು ಜೀವಿಗಳಲ್ಲಿ ಮಾತ್ರ ಹುಟ್ಟಬಲ್ಲವೆಂಬ ನಂಬಿಕೆಯನ್ನು ಅಲುಗಿಸಿದನೆಂಬುದು ಸಾವಯವ ರಸಾಯನಶಾಸ್ತ್ರದ ಪೀಠಿಕೆ. ನಾಲ್ಕು ಅಧ್ಯಾಯಗಳ ಪ್ರಶ್ನೆಗಳು ಒಂದು ಚೀಲದ ಸುತ್ತ ಕುಳಿತಿವೆ. ಪಕ್ಕದ ಡಿಎಪಿ ಚೀಲದ ‘18-46’ನ್ನೂ ಹೀಗೆಯೇ ಬಿಡಿಸಿ ನೋಡಿರಿ, ಅಲ್ಲಿಯ 46 ರಂಜಕದ ಪ್ರಮಾಣವಲ್ಲ, ರಂಜಕದ ಪೆಂಟಾಕ್ಸೈಡಿನ ಪ್ರಮಾಣವೆಂಬುದನ್ನು ತಿಳಿದು ಲೆಕ್ಕಹಾಕಿದರೆ ರಂಜಕವು ಶೇಕಡಾ 20ರಷ್ಟು ಮಾತ್ರವೆಂದು ಹೊರಬೀಳುತ್ತದೆ.

ಲೆಕ್ಕದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಪರೀಕ್ಷಾಗೃಹದಲ್ಲಿ ಕ್ಯಾಲ್ಕುಲೇಟರ್ ಇರುವುದಿಲ್ಲ. ಆದುದರಿಂದ ಮನೆಯಲ್ಲಿ ಮೊಬೈಲನ್ನು ತೆಗೆದು ಗುಣಿಸುವ ಅಭ್ಯಾಸವನ್ನು ಇಂದೇ ಬಿಡತಕ್ಕದ್ದು. 2ರ ಲಾಗರಿದಮ್ 0.301, 3ರದು 0.477 ಎಂಬುವು ನಾಲಗೆಯ ತುದಿಯಲ್ಲಿದ್ದರೆ 4, 6, 8, 9ರವು ಕೂಡಿಸುವುದರಿಂದಲೇ ದೊರೆಯುತ್ತವೆ. ಮೊದಲನೆಯ ದರ್ಜೆಯ ಕ್ರಿಯೆಯು ಶೇಕಡಾ 99.9ರಷ್ಟು ಮುಗಿಯಲು ಎಷ್ಟು ಕಾಲ ಬೇಕೆಂಬ ಪ್ರಶ್ನೆಗೆ ಸೂತ್ರವನ್ನೇ ಹಾಕಬೇಕಾಗಿಲ್ಲ: ಎರಡನ್ನು ಹತ್ತು ಸಲ ಗುಣಿಸಿದರೆ 1024, ಹೆಚ್ಚುಕಡಿಮೆ ಸಾವಿರ; ಆದುದರಿಂದ ಉತ್ತರವು ಸುಮಾರು ಹತ್ತು ಅರ್ಧಾಯುಗಳು. 80 ನಿಮಿಷಗಳಲ್ಲಿ 60 ಪ್ರಶ್ನೆಗಳೆಂದರೆ ಒಂದಕ್ಕೆ 80 ಸೆಕೆಂಡುಗಳಷ್ಟೇ ಆಯಿತಲ್ಲವೆ? ಇಂಥ ಚಾತುರ್ಯದಿಂದ ಉಳಿಯುವ ಕಾಲವೇ ಕಠಿನ ಪ್ರಶ್ನೆಗಳಿಗೆ ಬಂಡವಾಳ.

ನಿರವಯವ ರಸಾಯನಶಾಸ್ತ್ರವನ್ನು ಬರಿಯ ಬಾಯಿಪಾಠವೆಂದು ಹೆದರುವವರಿಗೆ ಲಿಂಗಸುಗೂರು ತಾಲೂಕಿನ ಹಟ್ಟಿಯ ಚಿನ್ನದ ಗಣಿಯನ್ನು ತೋರಿಸಬೇಕೆನಿಸುತ್ತದೆ. ಈ ನೆಲಕ್ಕೂ ಚಿನ್ನಕ್ಕೂ ಇರುವ ಸಂಬಂಧ ಬಲು ಹಳೆಯದು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರನ್ನು ಹೊತ್ತ ಶಾಸನವನ್ನು ಬೆಳಕಿಗೆ ತಂದವನೂ ಚಿನ್ನವನ್ನರಸುತ್ತಿದ್ದ ಒಬ್ಬ ಗಣಿ ಇಂಜಿನಿಯರನೆ. ಅದಿರಿನಿಂದ ಚಿನ್ನವನ್ನು ಸಯನೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯುವ ವಿಧಾನವನ್ನು 1887ರಲ್ಲಿ ಗ್ಲಾಸ್ಗೋ ನಗರದ ಮೆಕಾರ್ಥರ್ ಮತ್ತು ಫಾರೆಸ್ಟ್ ಸೋದರರು ರೂಪಿಸಿದರು. ಅದರ ಸಾರವು ನಿಮ್ಮ ಸಂಯೋಜಕ ಸಂಯುಕ್ತಗಳ ಅಧ್ಯಾಯದ ಕೊನೆಯಲ್ಲಿ ಎರಡು ವಾಕ್ಯಗಳಲ್ಲಿದೆ, ಓದುವವರು ಅದನ್ನು ದಾಟಿಹೋಗುತ್ತಾರೆ. ಅಲ್ಲಿಯೇ ನಿಲ್ಲಿರಿ. ನಾಲ್ಕು ಮೋಲ್ ಚಿನ್ನ, ಎಂಟು ಮೋಲ್ ಸೋಡಿಯಂ ಸಯನೈಡ್, ಒಂದು ಮೋಲ್ ಆಮ್ಲಜನಕ, ಎರಡು ಮೋಲ್ ನೀರು ಎಂದು ಸಮೀಕರಣವನ್ನು ನೀವೇ ಸರಿದೂಗಿಸಿ ಬರೆಯಿರಿ. ಉತ್ಕರ್ಷಣಗೊಂಡುದು ಯಾವುದು? ಚಿನ್ನ, ಸೊನ್ನೆಯಿಂದ ಧನ ಒಂದಕ್ಕೆ. ಉತ್ಕರ್ಷಕ ಯಾವುದು? ಆಮ್ಲಜನಕ. ಚಿನ್ನದ ಸಂಯೋಜಕ ಸಂಖ್ಯೆ ಎರಡು, ಆದುದರಿಂದ ಆ ಸಂಕೀರ್ಣ ಅಯಾನಿನ ಆಕಾರ ಸರಳರೇಖೆ. ಮುಂದೆ ಸತುವನ್ನು ಸೇರಿಸಿದರೆ ಅದು ಚಿನ್ನವನ್ನು ಹೊರದೂಡಿ ತಾನು ನಾಲ್ಕು ಸಯನೈಡುಗಳೊಡನೆ ಚತುರ್ಮುಖಿಯಾಗಿ ಕುಳಿತುಕೊಳ್ಳುತ್ತದೆ. ಒಂದು ಮೋಲ್ ಸತುವಿಗೆ ಎರಡು ಮೋಲ್ ಚಿನ್ನ, ಅಂದರೆ 65.4 ಗ್ರಾಂ ಸತುವಿಗೆ 394 ಗ್ರಾಂ ಚಿನ್ನ. ಪಠ್ಯದ ಎರಡೇ ವಾಕ್ಯಗಳಿಂದ ಇಷ್ಟು ಪ್ರಶ್ನೆಗಳನ್ನು ನೀವೇ ಹೊರತೆಗೆಯಬಲ್ಲಿರಾದರೆ, ಪ್ರಶ್ನೆಗಾರನು ಅದೇ ವಾಕ್ಯಗಳ ಮುಂದೆ ಕುಳಿತು ಮಾಡುವುದು ಇದಕ್ಕಿಂತ ಹೆಚ್ಚಿನದೇನೂ ಅಲ್ಲವೆಂಬುದು ನಿಮಗೆ ಮನವರಿಕೆಯಾಗುತ್ತದೆ.

ಸಾವಯವ ಭಾಗದಲ್ಲಿ ಬಾಯಿಪಾಠವು ಬೇಗನೆ ಸೋಲುತ್ತದೆ. ಆಲ್ಡಾಲ್, ಕ್ಯಾನಿಜಾರೊ, ಸ್ಯಾಂಡ್‌ಮೆಯರ್, ರೈಮರ್-ಟೀಮನ್ ಎಂದು ಹೆಸರುಗಳ ಪಟ್ಟಿಯನ್ನು ಉರುಹೊಡೆದವನು ಪ್ರಶ್ನೆಯಲ್ಲಿ ಹೆಸರು ಬಾರದೆ ಬರಿಯ ವಸ್ತುಗಳು ಬಂದರೆ ತಬ್ಬಿಬ್ಬಾಗುತ್ತಾನೆ. ಒಂದೊಂದು ಕ್ರಿಯಾಗುಂಪಿಗೆ ಒಂದೊಂದು ದೊಡ್ಡ ಹಾಳೆಯನ್ನು ತೆಗೆದುಕೊಂಡು, ಎಡಗಡೆಯಲ್ಲಿ ಅದು ಯಾವುದರಿಂದ ಹುಟ್ಟುತ್ತದೆ, ಬಲಗಡೆಯಲ್ಲಿ ಅದು ಏನಾಗಿ ಮಾರ್ಪಡುತ್ತದೆ, ಕೆಳಗಡೆಯಲ್ಲಿ ಅದನ್ನು ಗುರುತಿಸುವ ಪರೀಕ್ಷೆ ಯಾವುದು ಎಂಬುದನ್ನು ಬರೆಯಿರಿ. ಆಮೇಲೆ ಆ ಹಾಳೆಗಳನ್ನು ಬಾಣದ ಗುರುತುಗಳಿಂದ ಜೋಡಿಸಿದರೆ, ಬೆಂಜೀನಿನಿಂದ ಹೊರಟು ನೈಟ್ರೊಬೆಂಜೀನ್, ಅನಿಲೀನ್, ಡಯಜೋನಿಯಂ ಲವಣಗಳ ಮಾರ್ಗವಾಗಿ ಫೀನಾಲನ್ನು ಮುಟ್ಟುವ ದಾರಿಯು ತಾನಾಗಿ ಕಣ್ಣಿಗೆ ಕಟ್ಟುತ್ತದೆ. ವಾರಕ್ಕೊಮ್ಮೆ ಹಾಳೆಗಳನ್ನು ಮುಚ್ಚಿ ಅದೇ ನಕ್ಷೆಯನ್ನು ನೆನಪಿನಿಂದ ಬರೆಯಿರಿ. ಎಲ್ಲಿ ಕೈ ನಿಂತಿತೋ ಅಲ್ಲಿಯೇ ಮರುದಿನದ ಓದು ಆರಂಭವಾಗಲಿ.

ನಿಮ್ಮಲ್ಲಿ ಹಲವರು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷ್ ಪುಸ್ತಕದ ಎದುರಿಗೆ ಬಂದವರು. ಮೊದಲ ಮೂರು ತಿಂಗಳು ಬುದ್ಧಿಗಿಂತ ಭಾಷೆಯೇ ದಣಿಸುತ್ತದೆಂಬುದು ನನಗೆ ಗೊತ್ತು. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದ ಶಬ್ದವನ್ನು ಬರೆದುಕೊಳ್ಳಲು ನಾಚಬೇಡಿರಿ. ವಿಷಯವನ್ನು ಕನ್ನಡದಲ್ಲಿ ಯೋಚಿಸಿ, ಪಾರಿಭಾಷಿಕ ಪದವನ್ನು ಮಾತ್ರ ಇಂಗ್ಲಿಷಿನಲ್ಲಿ ಹಿಡಿದುಕೊಂಡರೆ ಸಾಕು. ಸಿ.ಇ.ಟಿ., ನೀಟ್ ಎರಡಕ್ಕೂ ಕನ್ನಡದ ಪ್ರಶ್ನೆಗಳುಂಟು. ಪರೀಕ್ಷೆಯಲ್ಲಿ ಯಾವ ಭಾಷೆಯನ್ನು ಓದುವಿರೋ ಆ ಭಾಷೆಯ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿಯೇ ಅಭ್ಯಾಸ ನಡೆಯತಕ್ಕದ್ದು.

ಪ್ರಯೋಗಶಾಲೆಯ ದಿನಗಳನ್ನು ತಪ್ಪಿಸಿಕೊಳ್ಳಬೇಡಿರಿ. ಪಿಯುಸಿಯ 100 ಅಂಕಗಳಲ್ಲಿ 30 ಅಲ್ಲಿವೆಯೆಂಬುದು ಒಂದು ಕಾರಣ. ಲವಣ ವಿಶ್ಲೇಷಣೆಯ ಬಣ್ಣಗಳನ್ನೂ, ಪರ್ಮಾಂಗನೇಟಿನ ಒಂದೇ ಒಂದು ಹನಿ ಹೆಚ್ಚಾದೊಡನೆ ದ್ರಾವಣವು ತಿಳಿಗುಲಾಬಿಯಾಗುವುದನ್ನೂ ಕಣ್ಣಾರೆ ಕಂಡವನು ಅದನ್ನು ಮರೆಯಲಾರನೆಂಬುದು ಅದಕ್ಕಿಂತ ದೊಡ್ಡ ಕಾರಣ. ಮಣ್ಣಿನ ವಿಷಯಕ್ಕೆ ಬಂದರೆ ದಢೇಸುಗೂರಿನ ಕೃಷಿ ಸಂಶೋಧನಾ ಕೇಂದ್ರವು ನಿಮ್ಮ ನೆರೆಯಲ್ಲಿಯೇ ಇದೆ. ಸವಳು ಹಿಡಿದ ಭೂಮಿಗೆ ಜಿಪ್ಸಮ್ ಏಕೆ ಹಾಕುತ್ತಾರೆ, ಅದರ ಕ್ಯಾಲ್ಸಿಯಂ ಮಣ್ಣಿನ ಕಣಕ್ಕಂಟಿದ ಸೋಡಿಯಮ್ಮನ್ನು ಹೇಗೆ ಬಿಡಿಸುತ್ತದೆ, ಬಿಟ್ಟ ಸೋಡಿಯಂ ಸಲ್ಫೇಟನ್ನು ಬಸಿಗಾಲುವೆಯ ನೀರು ಕೊಚ್ಚಿಕೊಂಡು ಹೋಗದಿದ್ದರೆ ಏನಾಗುತ್ತದೆ ಎಂಬುದನ್ನು ಅಲ್ಲಿಯ ವಿಜ್ಞಾನಿಗಳನ್ನು ವಿನಯದಿಂದ ಕೇಳಿರಿ. ಸಂದೇಹವನ್ನು ಕೇಳಲು ಬಲ್ಲವನು ಬೇಕೆಂದೆನಲ್ಲವೆ? ನಿಮ್ಮ ಕಾಲೇಜಿನ ಉಪನ್ಯಾಸಕರು ಮೊದಲನೆಯವರು. ವಾರದ ಸಂದೇಹಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದ ವಿದ್ಯಾರ್ಥಿಗೆ ಅರ್ಧ ಗಂಟೆಯನ್ನು ನಿರಾಕರಿಸುವ ಗುರುಗಳು ವಿರಳ.

ಮೂರನೆಯದಾದ ವಾರದ ಪರೀಕ್ಷೆಯನ್ನು ನೀವೇ ಕೂಡಿ ನಡೆಸಬೇಕು. ನಾಲ್ಕೈದು ಮಂದಿ ಭಾನುವಾರ ಬೆಳಿಗ್ಗೆ ಕಾಲೇಜಿನ ಒಂದು ಕೋಣೆಯಲ್ಲಿಯೋ ಗ್ರಂಥಾಲಯದಲ್ಲಿಯೋ ಕುಳಿತು, ಹಿಂದಿನ ವರ್ಷದ ಒಂದು ಪತ್ರಿಕೆಯನ್ನು ಗಡಿಯಾರವಿಟ್ಟು 80 ನಿಮಿಷಗಳಲ್ಲಿ ಬರೆದು, ಅಲ್ಲಿಯೇ ತಿದ್ದಿಕೊಳ್ಳಿರಿ. ತಪ್ಪಿದ ಪ್ರಶ್ನೆಗಳಿಗೆ ಒಂದು ನೋಟುಬುಕ್ಕು ಪ್ರತ್ಯೇಕವಾಗಿರಲಿ. ವಿಷಯವೇ ತಿಳಿಯದೆ ತಪ್ಪಿದುದು, ತಿಳಿದೂ ಲೆಕ್ಕದಲ್ಲಿ ತಪ್ಪಿದುದು, ಪ್ರಶ್ನೆಯನ್ನೇ ಸರಿಯಾಗಿ ಓದದೆ ತಪ್ಪಿದುದು ಎಂದು ಮೂರು ಅಂಕಣಗಳನ್ನು ಮಾಡಿರಿ. ಮೊದಲನೆಯದಕ್ಕೆ ಪಠ್ಯ, ಎರಡನೆಯದಕ್ಕೆ ಅಭ್ಯಾಸ, ಮೂರನೆಯದಕ್ಕೆ ತಾಳ್ಮೆ ಔಷಧ. ಮೂರಕ್ಕೂ ಒಂದೇ ಔಷಧವನ್ನು ಕೊಡುವುದರಿಂದಲೇ ಬಹಳ ಮಂದಿಯ ಅಂಕವು ನಿಂತಲ್ಲಿಯೇ ನಿಲ್ಲುತ್ತದೆ. ಉತ್ತರವು ತಿಳಿಯದಾಗ ಊಹಿಸಬೇಕೆ ಬೇಡವೆ ಎಂಬುದೂ ಲೆಕ್ಕದ ವಿಷಯವೆ. ಸಿ.ಇ.ಟಿ.ಯಲ್ಲಿ ಒಂದು ವೃತ್ತವನ್ನೂ ಖಾಲಿ ಬಿಡಕೂಡದು. ನೀಟ್‌ನಲ್ಲಿ ಕುರುಡು ಊಹೆಯಿಂದ ಸರಾಸರಿಯಲ್ಲಿ ದಕ್ಕುವುದು ಕಾಲು ಅಂಕ ಮಾತ್ರ, ಅದು ಅದೃಷ್ಟದ ಆಟ. ನಾಲ್ಕರಲ್ಲಿ ಎರಡು ಆಯ್ಕೆಗಳನ್ನು ಕಾರಣಸಹಿತವಾಗಿ ತಳ್ಳಿಹಾಕಿದ್ದರೆ ಅದೇ ಸರಾಸರಿಯು ಒಂದೂವರೆ ಅಂಕಕ್ಕೇರುತ್ತದೆ, ಆಗ ಹಿಂಜರಿಯತಕ್ಕದ್ದಿಲ್ಲ.

ವೇಳಾಪಟ್ಟಿಯ ಬಗೆಗೆ ಹೇಳುವುದಾದರೆ, ನಾಲೆಯ ಕೊನೆಯ ಭಾಗದ ರೈತನು ನೀರು ತನ್ನ ಸರದಿಗೆ ತಡವಾಗಿ, ಕಡಿಮೆಯಾಗಿ ಬರುತ್ತದೆಂದು ತಿಳಿದೇ ಮಡಿಗಳನ್ನು ಮುಂಚಿತವಾಗಿ ಹಸನುಮಾಡಿಕೊಂಡಿರುವಂತೆ, ನಾಟಿಯ ಕಾಲ, ಕೊಯ್ಲಿನ ಕಾಲ, ಮನೆಯ ಕೆಲಸ, ಬಸ್ಸಿನ ಕಾಯುವಿಕೆಗಳ ನಡುವೆ ಸಿಗುವ ಕಾಲವು ಅಲ್ಪವೆಂದು ತಿಳಿದು ನೀವೂ ಮುಂಚಿತವಾಗಿ ಸಿದ್ಧರಿರಬೇಕು. ದಿನಕ್ಕೆ ಹತ್ತು ಗಂಟೆಯ ಸಂಕಲ್ಪವನ್ನು ಮಾಡಿ ಮೂರನೆಯ ದಿನ ಮುರಿಯುವುದಕ್ಕಿಂತ, ರಸಾಯನಶಾಸ್ತ್ರಕ್ಕೆ ಒಂದೂವರೆ ಗಂಟೆಯನ್ನು ಮೀಸಲಿಟ್ಟು ವರ್ಷಪೂರ್ತಿ ಮುರಿಯದಿರುವುದು ಶ್ರೇಯಸ್ಕರ.

ಇಷ್ಟೆಲ್ಲವನ್ನು ಮಾಡಿದರೆ ಎಲ್ಲರಿಗೂ ವೈದ್ಯಕೀಯ ಸೀಟು ದೊರೆಯುತ್ತದೆಂಬ ಸುಳ್ಳು ಭರವಸೆಯನ್ನು ನಾನು ಕೊಡಲಾರೆ. ಸೀಟುಗಳು ಕೆಲವು, ಬಯಸುವವರು ಬಹಳ. ಆದರೆ ನಮ್ಮ ಭಾಗಕ್ಕೆ ಸಂವಿಧಾನವೇ ತೆರೆದಿಟ್ಟಿರುವ ಒಂದು ಬಾಗಿಲನ್ನು ಮರೆಯಬಾರದು. 2012ರ 98ನೆಯ ತಿದ್ದುಪಡಿಯಿಂದ ಸೇರಿದ 371ಜೆ ವಿಧಿಯ ಆಧಾರದ ಮೇಲೆ ಕಲ್ಯಾಣ ಕರ್ನಾಟಕದ ಶಿಕ್ಷಣಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇಕಡಾ 70, ರಾಜ್ಯದ ಇತರ ಭಾಗಗಳಲ್ಲಿ ಶೇಕಡಾ 8 ಸೀಟುಗಳು ಮೀಸಲಾಗಿವೆ. ರಾಯಚೂರಿನ ವೈದ್ಯಕೀಯ ಕಾಲೇಜೂ ಕೃಷಿ ವಿಶ್ವವಿದ್ಯಾಲಯವೂ ನಿಮಗೆ ಹತ್ತಿರದವು. ಈ ಮೀಸಲಾತಿಗೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಪಡೆಯಬೇಕು. ಕೌನ್ಸೆಲಿಂಗಿನ ದಿನ ಹತ್ತಿರ ಬಂದಾಗ ಓಡಾಡದೆ ಈಗಲೇ ಮಾಡಿಸಿಟ್ಟುಕೊಳ್ಳಿರಿ. ಅಂಕವನ್ನು ಗಳಿಸಿಯೂ ಕಾಗದವಿಲ್ಲದೆ ಸೀಟು ತಪ್ಪುವಂತಾದರೆ, ಅದರಷ್ಟು ವ್ಯಸನಕರವಾದುದು ಬೇರೆ ಇಲ್ಲ.

ಕೊನೆಯದಾಗಿ ಒಂದು ಕೋರಿಕೆ. ಈ ಪತ್ರವನ್ನು ಓದಿದ ವಾರದೊಳಗಾಗಿ ನಿಮ್ಮ ಕಾಲೇಜಿನಲ್ಲಿ ಒಂದು ಭಾನುವಾರದ ಕೂಟವನ್ನು ಆರಂಭಿಸಿರಿ; ಹೆಣ್ಣುಮಕ್ಕಳಿಗೆ ದೂರ ಬರಲು ಅನುಕೂಲವಿಲ್ಲದಿದ್ದರೆ ಊರೂರಲ್ಲಿ, ಕ್ಯಾಂಪು ಕ್ಯಾಂಪುಗಳಲ್ಲಿ ಬೇರೆಬೇರೆಯಾಗಿ ಕೂಡಿರಿ. ಮುಂದಿನ ವರ್ಷ ನೀವು ಹೊರಟುಹೋದ ಮೇಲೆ ಆ ತಪ್ಪುಗಳ ನೋಟುಬುಕ್ಕುಗಳನ್ನು ಪ್ರಥಮ ಪಿಯುಸಿಯ ತಮ್ಮಂದಿರಿಗೂ ತಂಗಿಯರಿಗೂ ಕೊಟ್ಟುಹೋಗಿರಿ. ಒಂದು ಊರಿನ ವಿದ್ಯಾರ್ಥಿಗಳು ತಮ್ಮ ತಪ್ಪುಗಳನ್ನು ಹೀಗೆ ವರ್ಷವರ್ಷವೂ ಕೂಡಿಡುತ್ತ ಹೋದರೆ, ಹಣಕೊಟ್ಟು ಕೊಳ್ಳುವ ಯಾವ ಕೋಚಿಂಗ್ ಪುಸ್ತಕಕ್ಕಿಂತಲೂ ನಿಮ್ಮ ಕಾಲೇಜಿಗೆ ಹೆಚ್ಚು ಒಪ್ಪುವ ಪುಸ್ತಕವು ಐದು ವರ್ಷಗಳಲ್ಲಿ ಅಲ್ಲಿಯೇ ತಯಾರಾಗಿರುತ್ತದೆ.

ಇಂತು,
ನಿಮ್ಮ ಶ್ರೇಯೋಭಿಲಾಷಿ